ಬಿಸಿಯಾದರೆ ನಿಲ್ಲುವ ಕಾರು

ಮಾರ್ಚ್ 10, ಸೋಮವಾರ

ಬೆಳಗ್ಗೆ ಅವ್ವ ವೀಲ್‌ಚೇರ್ ಮಡಚಿ ಡಿಕ್ಕಿಗೆ ಹಾಕಿದಳು. ಹೊರಟೆ. ಶೆಟ್ಟಿಕೆರೆ ದಾಟುತ್ತಿದ್ದಂತೆ ಇಂಜಿನ್ ಒಮ್ಮೆ ಬಿಕ್ಕಿತು. ಮೀಟರಿನಲ್ಲಿ ಇಂಜಿನ್ನಿನ ಚೆಕ್ ಲೈಟ್ ಹತ್ತಿ ಆರಿತು. ಆಮೇಲೆ ಚಿಕ್ಕನಾಯಕನಹಳ್ಳಿಯವರೆಗೂ ಏನೂ ಇಲ್ಲ. ಆಫೀಸಿನ ಮುಂದೆ ಅಟೆಂಡರ್ ಏಕಾಂತಯ್ಯ ಎಂದಿನಂತೆ ಚೇರ್ ಇಳಿಸಿಕೊಟ್ಟರು.

"ಗಾಡಿ ಸೌಂಡ್ ಬ್ಯಾರೆ ಐತಲ್ಲ ಮೇಡಂ."

2008ರ ಕಾರು, ಕೆಮ್ಮುತ್ತದೆ ಎಂದೆ.

ಟಪಾಲು ರಾಶಿ ಬಿದ್ದಿತ್ತು. ಊಟದ ಹೊತ್ತಿಗೂ ಮುಗಿಯಲಿಲ್ಲ. ಅಣ್ಣನಿಗೆ ಕಾರಿನ ವಿಷಯ ಹೇಳಿಲ್ಲ. ಹೇಳಿದರೆ ಕಾರು ಓಡಿಸುವುದೇ ಬೇಡ ಎಂದು ನಾಳೆಯಿಂದಲೇ ಶುರು ಮಾಡುತ್ತಾನೆ.

ಮಾರ್ಚ್ 19, ಬುಧವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು.

ಆಫೀಸಿಗೆ ಹೋಗುವಾಗ ಹಳ್ಳದ ತಿರುವಿನಲ್ಲಿ ಕಾರು ಸತ್ತೇ ಹೋಯಿತು. ಕೀ ತಿರುಗಿಸಿದರೆ ಸ್ಟಾರ್ಟರ್ ಸುತ್ತುತ್ತದೆ, ಇಂಜಿನ್ ಹಿಡಿಯುವುದಿಲ್ಲ. ತಗ್ಗಿನ ಜಾಗ, ಫೋನಿಗೆ ಒಂದು ಕಡ್ಡಿಯೂ ಇಲ್ಲ. ಎರಡೂ ಕಡೆ ತೋಟ. ನೆರಳೆಲ್ಲ ತೋಟದೊಳಗೆ, ಬಿಸಿಲೆಲ್ಲ ರಸ್ತೆಗೆ. ಬಾಗಿಲು ತೆರೆದಿಟ್ಟುಕೊಂಡೆ. ತೆರೆದ ಬಾಗಿಲು, ಎದುರಿಗೆ ರಸ್ತೆ. ಇಳಿಯಲು ಆಗದು. ಚೇರ್ ಇದ್ದದ್ದು ಹಿಂದೆ, ಡಿಕ್ಕಿಯಲ್ಲಿ. ಬಾಟಲಿ ನೀರು ಮುಗಿಯಿತು. ಕುಡಿಯಬಾರದಿತ್ತು. ಒಂದಕ್ಕೆ ಹೋಗಲೇಬೇಕೆನಿಸಿ... ಅದನ್ನು ಬರೆಯುವುದಿಲ್ಲ.

ಕೈ ತೋರಿಸಿದರೂ ಬಸ್ಸು ನಿಲ್ಲಿಸದೆ ಹೋಗಿತ್ತು. ಬಿಸಿಲು ನೆತ್ತಿಗೆ ಬಂದ ಮೇಲೆ ಕಾಯಿ ಹೇರಿಕೊಂಡ ಗೂಡ್ಸ್ ಆಟೋ ಬಂತು. ಡ್ರೈವರ್ ರಂಗಪ್ಪ ಅಂತ. "ಇಳೀರಮ್ಮ, ತಳ್ತೀನಿ" ಎಂದ. ಕಾಲಿಗೆ ಬಲವಿಲ್ಲ, ಇಳಿಯೋಕಾಗಲ್ಲ ಎಂದೆ. ಸ್ಟಿಯರಿಂಗ್ ಪಕ್ಕದ ಲಿವರ್ ನೋಡಿದ. ಬ್ರೇಕು, ಆಕ್ಸಿಲರೇಟರ್ ಎಲ್ಲ ಕೈಯಲ್ಲೇ ಎಂದು ಅರ್ಥವಾಗಿರಬೇಕು. ಸುಮ್ಮನೆ ಹೋಗಿ ನೀರು ತಂದುಕೊಟ್ಟ. ತನ್ನ ನಂಬರ್ ಕೊಟ್ಟು, ಅಣ್ಣನದು ಬರೆದುಕೊಂಡು, ಮುಂದಿನ ಏರಿಗೆ ಹೋಗಿ ಅವನಿಗೆ ಫೋನ್ ಮಾಡಿದ.

ಅಣ್ಣ ಬಂದ. ಎತ್ತಿಕೊಂಡು, ಬಾಡಿಗೆಗೆ ಹಿಡಿದು ತಂದಿದ್ದ ಆಟೋಗೆ ಕೂರಿಸಿದ. ನನ್ನ ಬಟ್ಟೆ ಒದ್ದೆ ಎಂದು ಅವನ ಕೈಗೆ ಗೊತ್ತಾಯಿತು.

ಮಾರ್ಚ್ 23, ಭಾನುವಾರ

ತಿಪಟೂರಿನಿಂದ ಮೆಕ್ಯಾನಿಕ್ ಗಯಾಜಣ್ಣ ಬಂದಿದ್ದರು. ಹನ್ನೊಂದು ವರ್ಷದ ಹಿಂದೆ ಈ ಲಿವರುಗಳನ್ನು ಬೆಸುಗೆ ಹಾಕಿ ಕೂರಿಸಿಕೊಟ್ಟವರು. ಅವತ್ತು ಎಳೆಸಿ ಮನೆಗೆ ತಂದಿದ್ದ ಕಾರು ಅವರ ಮುಂದೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನನಗೇ ನಾಚಿಕೆ. ದೋಷ ಹುಡುಕುವ ಸ್ಕ್ಯಾನರ್ ಹಾಕಿದರು. ಇಂಜಿನ್ ಸುತ್ತುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಕೆಟ್ಟಿದೆ ಎಂದು ತೋರಿಸುತ್ತಿದೆಯಂತೆ. ಹೊಸದು ಹಾಕಿದರು.

"ಬಿಸಿ ಆದ್ರೆ ನಿಲ್ತದೆ, ತಣ್ಣಗಾದ್ರೆ ಹೊರಡ್ತದೆ. ಸಾಮಾನ್ಯ ಇದೇ ಇರ್ತದೆ ಕಣಮ್ಮ. ನೋಡಾಣ" ಎಂದರು.

ಆ 'ನೋಡಾಣ' ಹಿಡಿಸಲಿಲ್ಲ.

ಏಪ್ರಿಲ್ 2, ಬುಧವಾರ

ಮತ್ತೆ ನಿಂತಿತು. ಪುಣ್ಯಕ್ಕೆ ಆಫೀಸಿನ ಗೇಟಿನಲ್ಲಿ. ಗಯಾಜಣ್ಣನ ಕಡೆಯವರು ಕಾರನ್ನು ಎಳೆದುಕೊಂಡು ತಿಪಟೂರಿಗೆ ಹೋದರು. ಮನೆಯ ಖಾಲಿ ಶೆಡ್ಡಿನಲ್ಲಿ ಎಣ್ಣೆ ಕಲೆ ಮಾತ್ರ.

ಏಪ್ರಿಲ್ 6, ಭಾನುವಾರ

ಹಟ ಮಾಡಿ ಗ್ಯಾರೇಜಿಗೆ ಹೋದೆ. ಅಣ್ಣನೇ ಕರೆದುಕೊಂಡು ಹೋದ.

ಗಯಾಜಣ್ಣ ಪೆಟ್ರೋಲ್ ಪಂಪ್ ನೋಡಿದ್ದರು, ಅರ್ತ್ ವೈರುಗಳನ್ನೆಲ್ಲ ಉಜ್ಜಿ ಬಿಗಿದಿದ್ದರು. ಕಾರಿನ ಕಂಪ್ಯೂಟರಿಗೆ ಕರೆಂಟು ಸರಿಯಾಗಿಯೇ ಬರುತ್ತಿದೆ. ಈಗ ಅವರಿಗೆ ಆ ಕಂಪ್ಯೂಟರ್ ಮೇಲೇ ಅನುಮಾನ. ಇಸಿಎಂ ಅಂತಾರೆ. ಊಟದ ಡಬ್ಬಿಯಷ್ಟು ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆ. ಇಂಜಿನ್ನಿಗೆ ಯಾವಾಗ ಕಿಡಿ, ಎಷ್ಟು ಪೆಟ್ರೋಲು, ಎಲ್ಲ ಅದರ ಅಪ್ಪಣೆ.

ಇಂಜಿನ್ ಓಡುತ್ತಿರುವಾಗಲೇ ಹೆಂಡತಿ ನಿಖತ್‌ಳ ಹೇರ್ ಡ್ರೈಯರ್ ತಂದು ಪೆಟ್ಟಿಗೆಗೆ ಹಿಡಿದರು. ನಾನು ಚೇರ್‌ನಲ್ಲಿ ಕೂತು ಸ್ಕ್ಯಾನರ್ ನೋಡುತ್ತಿದ್ದೆ. ಅಂಕಿಗಳು ಕುಣಿಯುತ್ತಿದ್ದವು. ಇದ್ದಕ್ಕಿದ್ದಂತೆ ಪರದೆ ಖಾಲಿ. ಇಂಜಿನ್ ನಿಂತಿತು. ಒದ್ದೆ ಬಟ್ಟೆ ಹಿಂಡಿ ಪೆಟ್ಟಿಗೆಯ ಮೇಲೆ ಹಾಕಿ ಸ್ವಲ್ಪ ಕಾದರು. ಕೀ ತಿರುಗಿಸಿದರೆ ಸ್ಟಾರ್ಟ್. ಮತ್ತೆ ಬಿಸಿ. ಮತ್ತೆ ನಿಂತಿತು.

"ಸಿಕ್ಕಾಕ್ಕೊಂಡ ಕಳ್ಳ. ಒಳಗೆ ಬೋರ್ಡಲ್ಲಿ ಎಲ್ಲೋ ಬಿರುಕು ಬಿಟ್ಟದೆ" ಎಂದರು.

ಎಷ್ಟು ಹಗುರವಾಯಿತು ಮನಸ್ಸು. ನನ್ನ ಭ್ರಮೆಯಲ್ಲ, ನನ್ನ ಕೈಯ ತಪ್ಪಲ್ಲ. ಅಣ್ಣನ ಕಡೆ ತಿರುಗಿದೆ. ಅವನು ಲಿವರುಗಳನ್ನೇ ನೋಡುತ್ತ ನಿಂತಿದ್ದ.

ಏಪ್ರಿಲ್ 9

ಅಣ್ಣ ಆಟೋದಲ್ಲಿ ಆಫೀಸಿಗೆ ಬಿಟ್ಟ. ಎಲ್ಲರೆದುರು ಎತ್ತಿ ಇಳಿಸಿದ. ಕಾಯಿ ಮೂಟೆ ಇಳಿಸಿದ ಹಾಗೆ. ಏಕಾಂತಯ್ಯ ಬೇಕೆಂದೇ ಬೇರೆ ಕಡೆ ನೋಡಿದರು. ಸಂಜೆ ಅಣ್ಣ ನಾಲ್ಕಕ್ಕೇ ಬಂದು ಗೇಟಿನಲ್ಲಿ ನಿಂತಿದ್ದ. ಕೆಲಸ ಬಿಟ್ಟು ಎದ್ದೆ— ಎದ್ದೆ ಅಂತ ಬರೆಯುವುದೇ ಅಭ್ಯಾಸ.

ಏಪ್ರಿಲ್ 17, ಗುರುವಾರ

ಬೆಂಗಳೂರಿಗೆ ರಿಪೇರಿಗೆ ಹೋದ ಪೆಟ್ಟಿಗೆ ವಾಪಸ್. ಬೋರ್ಡಿನ ಒಳಪದರ ಸುಟ್ಟಿದೆ, ಆಗಲ್ಲ ಎಂದರಂತೆ. ಹೊಸದು ಈಗ ತಯಾರಾಗುವುದಿಲ್ಲ. ಗುಜರಿಯಿಂದ ಒಂದು ಬಂತು, ಮೇಲಿನ ನಂಬರ್ ಬೇರೆ. ಅದೇ ನಂಬರಿನದೇ ಆಗಬೇಕು. ಆಮೇಲೆ ನನ್ನ ಕೀಯ ಗುರುತನ್ನೂ ಅದಕ್ಕೆ ಕಲಿಸಬೇಕು. ಇಲ್ಲದಿದ್ದರೆ ಕಳ್ಳರು ಎಂದುಕೊಂಡು ಇಂಜಿನ್ ಹೊರಡಿಸುವುದಿಲ್ಲ.

"ಹುಡುಕ್ತಾ ಇದೀನಿ" ಎಂದರು ಗಯಾಜಣ್ಣ.

ಏಪ್ರಿಲ್ 30

ರಜೆಯಲ್ಲಿದ್ದೇನೆ. ಅಣ್ಣನಿಗೆ ದಿನಾ ಬಿಡುವಿಲ್ಲ. ಬೇರೆ ಆಟೋದವನು ಬೇಡವಂತೆ, "ಕಂಡೋರು ನಿನ್ನ ಎತ್ತೋದು ಬ್ಯಾಡ" ಅಂತಾನೆ.

ಜಗುಲಿಯ ಮೇಲೆ ಕೂರುತ್ತೇನೆ. ಕುರಿಗಳು ಹಟ್ಟಿಯಿಂದ ಹೋಗುತ್ತವೆ. ಬರುತ್ತವೆ. ಅವ್ವನಿಗೆ ಬಿಡುವಾದಾಗ ಬಚ್ಚಲಿಗೆ ಕರೆದೊಯ್ಯುತ್ತಾಳೆ. ಅವ್ವನಿಗೂ ಸೊಂಟ ನೋವು. ಕೇಳಲು ಸಂಕೋಚವೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೇನೆ. ಆಫೀಸಿನಲ್ಲಿ ಬಚ್ಚಲಿಗೆ ಚೇರ್ ಹೋಗುತ್ತದೆ, ಇಲ್ಲಿ ಹೊಸ್ತಿಲು ಅಡ್ಡ.

ಇವತ್ತು ಅಣ್ಣ ಪಕ್ಕದಲ್ಲಿ ಬಂದು ಕೂತ.

"ಲಾಂಗ್ ಲೀವ್ ಹಾಕ್ಬುಡು. ಆಮೇಲೆ ನೋಡಾಣ."

"ಆಮೇಲೆ ಅಂದ್ರೆ?"

"ಮನೇಲಿ ಏನ್ ಕಮ್ಮಿ ಆಗೈತೆ ನಿಂಗೆ?"

ಏನೂ ಕಡಿಮೆಯಿಲ್ಲ. ಮಾವಿನಹಣ್ಣು ತಂದಿದ್ದ. ಸಿಪ್ಪೆ ಸುಲಿದು ಹೋಳು ಮಾಡಿ ಕೊಟ್ಟ. ನನ್ನ ಕೈ ಚೆನ್ನಾಗಿಯೇ ಇದೆಯಲ್ಲ.

ಮೇ 6, ಮಂಗಳವಾರ

ಗಯಾಜಣ್ಣನಿಗೆ ಫೋನ್ ಮಾಡಿದೆ. "ಸಿಕ್ಕಿಲ್ಲ ಕಣಮ್ಮ." ಬೇಗ ಇಟ್ಟುಬಿಟ್ಟರು. ಯಾವತ್ತೂ ಅವ್ವನ ಸೊಂಟ ವಿಚಾರಿಸದೆ ಇಟ್ಟವರಲ್ಲ.

ಮೇ 9, ಶುಕ್ರವಾರ. ಮಧ್ಯಾಹ್ನ

ಗಯಾಜಣ್ಣ ಫೋನನ್ನು ಮನೆಯಲ್ಲೇ ಬಿಟ್ಟು ನಮಾಜಿಗೆ ಹೋಗಿದ್ದರು. ನಿಖತ್ ಎತ್ತಿದಳು.

"ಬಾಕ್ಸ್ ಇನ್ನೂ ಸಿಕ್ಕಿಲ್ವಾ ನಿಖತ್?"

ಬಾಗಿಲು ಹಾಕಿದ ಸದ್ದು ಕೇಳಿಸಿತು. ಆಮೇಲೆ ಮೆಲ್ಲಗೆ, "ಅಕ್ಕಾ, ಅದು ಬಂದು ವಾರದ ಮೇಲಾಯ್ತು. ಬೀರು ಮೇಲೆ ಐತೆ. ನಿಮ್ಮಣ್ಣ ಬಂದಿದ್ರು. ಸಿಗ್ಲಿಲ್ಲ ಅಂದ್ಬುಡಿ, ಅವ್ಳು ಮತ್ತೆ ರೋಡಿಗೆ ಹೋಗೋದು ಬ್ಯಾಡ ಅಂತ ಕೈ ಮುಗುದ್ರು. ನಾನು ಹೇಳ್ದೆ ಅನ್ಬ್ಯಾಡಿ."

ಅಣ್ಣ ಈಗ ಒಳಗೆ ಊಟ ಮಾಡುತ್ತಿದ್ದಾನೆ. "ಬಿಂದು, ಮಜ್ಜಿಗೆ ಬೇಕೇನೇ?" ಎಂದು ಕೂಗುತ್ತಿದ್ದಾನೆ.

ಬೇಡ ಎಂದೆ. ಅಷ್ಟೇ ಎಂದೆ.

ಮೇ 10, ಎರಡನೇ ಶನಿವಾರ. ಸಂಜೆ

ಬೆಳಗ್ಗೆ ಅಣ್ಣ ತೋಟಕ್ಕೆ ಹೋದ ಮೇಲೆ ರಂಗಪ್ಪನಿಗೆ ಫೋನ್ ಮಾಡಿದೆ. ಅವ್ವನಿಗೆ ಎಲ್ಲ ಹೇಳಿದೆ. ತಡೆಯುತ್ತಾಳೆ ಎಂದುಕೊಂಡಿದ್ದೆ. ಅವ್ವ ಒಳಗೆ ಹೋಗಿ ನನ್ನ ಇಸ್ತ್ರಿ ಸೀರೆ ತಂದಳು. ಅವಳೂ ರಂಗಪ್ಪನೂ ಸೇರಿ ಚೇರ್ ಹಿಂದೆ ಹಾಕಿ, ನನ್ನನ್ನು ಗೂಡ್ಸ್ ಆಟೋದ ಮುಂದಿನ ಸೀಟಿಗೆ ಹತ್ತಿಸಿದರು. ಕಂಡವರೇ ಎತ್ತಿದರು. ಏನೂ ಆಗಲಿಲ್ಲ.

ಗ್ಯಾರೇಜಿನಲ್ಲಿ ಗಯಾಜಣ್ಣ ನನ್ನನ್ನು ಕಂಡು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು.

"ಬಾಕ್ಸ್ ಹಾಕಿ ಗಯಾಜಣ್ಣ. ನಾನು ಕೂತಿರ್ತೀನಿ."

ಯಾರು ಹೇಳಿದರೆಂದು ಕೇಳಲಿಲ್ಲ. ಕೈಯನ್ನು ಬಟ್ಟೆಗೆ ಒರೆಸಿಕೊಂಡರು. "ನಿಮ್ಮಣ್ಣಂದು ಒಂದೇ ಅಲ್ಲಮ್ಮ. ನಂಗೂ ಭಯ. ಆ ಲಿವರ್ ಹಾಕ್ದೋನು ನಾನು. ನಾಳೆ ಏನಾದ್ರೂ ಆದ್ರೆ..."

"ಮನೇಲಿ ದಿನಾ ಆಗ್ತಾ ಐತೆ. ಅದು ನಿಮಗೆ ಕಾಣಲ್ಲ."

ಗ್ಯಾರೇಜಿನ ಹಿಂಬದಿಯ ಮನೆಯೊಳಗೆ ಹೋಗಿ ಪೆಟ್ಟಿಗೆ ತಂದರು. ಹಳೆಯದರ, ಇದರ ಲೇಬಲ್‌ಗಳನ್ನು ಅಕ್ಕಪಕ್ಕ ಹಿಡಿದು ನನಗೆ ತೋರಿಸಿದರು. ಅದೇ ನಂಬರ್. ಬ್ಯಾಟರಿ ವೈರ್ ಬಿಚ್ಚಿ, ಹಳೆಯದಿದ್ದ ಜಾಗದಲ್ಲಿ ಇದನ್ನು ಕೂರಿಸಿದರು. ಸ್ಕ್ಯಾನರಿನಲ್ಲಿ ಕೀ ಕಲಿಸುವಾಗ ಮೊದಲ ಸಲ ಒಪ್ಪಲಿಲ್ಲ. ಮೀಟರಿನಲ್ಲಿ ಕೀಯ ದೀಪ ಮಿಣುಕುತ್ತಲೇ ಇತ್ತು. ಎರಡನೆಯ ಸಲ ಆರಿತು. "ನೀವೇ ಸ್ಟಾರ್ಟ್ ಮಾಡಿ" ಎಂದರು. ಇಂಜಿನ್ ಹಿಡಿಯಿತು. ನಾನೇ ಹೇಳಿ ಹೇರ್ ಡ್ರೈಯರ್ ಹಿಡಿಸಿದೆ. ಪೆಟ್ಟಿಗೆ ಮುಟ್ಟಲಾಗದಷ್ಟು ಕಾದರೂ ಅಂಕಿಗಳು ಕುಣಿಯುತ್ತಲೇ ಇದ್ದವು.

"ಇದೂ ಹಳೇದೇ ಕಣಮ್ಮ. ಗ್ಯಾರಂಟಿ ಕೊಡಕ್ಕಾಗಲ್ಲ" ಎಂದರು. ಅದನ್ನು ಹೇಳಿದ್ದಕ್ಕೆ ಅವರ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಒಬ್ಬಳೇ ಓಡಿಸಿಕೊಂಡು ಬಂದೆ. ಅಣ್ಣ ಶೆಡ್ಡಿನ ಮುಂದೆ ನಿಂತಿದ್ದ.

"ಆವತ್ತು ಹಳ್ಳದ ತಾವ ನಿನ್ನ ಮುಖ ನೋಡ್ದೋನು ನಾನು ಕಣೇ. ಬಾಯಲ್ಲಿ ಮಾತಿರ್ಲಿಲ್ಲ ನಿಂಗೆ. ಸುಳ್ಳು ಹೇಳ್ಸಿದ್ದು ತಪ್ಪೇಯ. ಆದ್ರೆ ಉಪ್ಪುಮೂಟೆ ಹೊತ್ಕೊಂಡು ನಿನ್ನ ಸ್ಕೂಲಿಗೆ ಬಿಟ್ಟೋನು ನಾನು. ನಂಗೆ ಅಷ್ಟೂ ಹಕ್ಕಿಲ್ವಾ?"

"ಆಗ ಹೊರಗೆ ಕಳ್ಸಕ್ಕೆ ಹೊತ್ತೆ ಅಣ್ಣ. ಈಗ ಒಳಗೆ ಕೂರ್ಸಕ್ಕೆ ಹೊರ್ತಾ ಇದೀಯ."

ಅವನು ಡಿಕ್ಕಿ ತೆರೆದು ಚೇರ್ ತೆಗೆದ. ಬಿಡಿಸಿ ಬಾಗಿಲ ಹತ್ತಿರ ಇಟ್ಟ. ಎತ್ತಲು ಬರಲಿಲ್ಲ. ನಾನೇ ಕೈಯೂರಿ ಜಾರಿಕೊಂಡೆ.

ಮೇ 13, ಮಂಗಳವಾರ. ಬೆಳಗ್ಗೆ 9.40

ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ನಿನ್ನೆ ಹೋಗಿ ಬಂದೆ, ಕಾರು ಎಲ್ಲೂ ನಿಲ್ಲಲಿಲ್ಲ. ಆದರೆ ಅಣ್ಣನ ಬೈಕು ಹೋಗುವಾಗಲೂ ಬರುವಾಗಲೂ ಕನ್ನಡಿಯಲ್ಲಿತ್ತು. ಇವತ್ತೂ ಇದೆ. ಅದಕ್ಕೇ ಹಳ್ಳದ ತಿರುವಿನಲ್ಲಿ ರಸ್ತೆ ಬದಿಗೆ ತೆಗೆದು ಇಂಜಿನ್ ಆಫ್ ಮಾಡಿದೆ. ಅವನೂ ದೂರದಲ್ಲಿ ಹೊಂಗೆ ಮರದ ಕೆಳಗೆ ನಿಂತ. ಫೋನ್ ಕಿವಿಗಿಟ್ಟುಕೊಂಡಿದ್ದಾನೆ. ಇಲ್ಲಿ ಸಿಗ್ನಲ್ ಇಲ್ಲ, ಅವನಿಗೂ ಗೊತ್ತು.

ಕಿಟಕಿಯಿಂದ ಕೈ ಹೊರಗೆ ಹಾಕಿ ಹೋಗು ಎಂದು ಸನ್ನೆ ಮಾಡಿದೆ. ಅಲುಗಲಿಲ್ಲ. ನಾನೂ ಅಲುಗುವುದಿಲ್ಲ. ಆಫೀಸಿಗೆ ತಡವಾದರೆ ಆಗಲಿ.

ಒಂದು ಬಸ್ಸು ಹೋಯಿತು. ಧೂಳು.

ಈಗ ಫೋನನ್ನು ಜೇಬಿಗಿಟ್ಟ. ಬೈಕು ತಿರುಗಿಸುತ್ತಿದ್ದಾನೆ. ನಿಧಾನಕ್ಕೆ, ಮನೆಯ ಕಡೆಗೆ. ಸದ್ದು ಸಣ್ಣದಾಯಿತು. ಹೋದ.

ಗೆದ್ದ ಹಾಗೆ ಅನಿಸುತ್ತದೆ ಎಂದುಕೊಂಡಿದ್ದೆ. ಅನಿಸಿದ್ದು ಭಯ. ಬಿಸಿಲು ಏರಿದೆ, ಬಾನೆಟ್ ಕಾದಿದೆ. ರಸ್ತೆಯ ಆಚೆ ಈಚೆ ಯಾರೂ ಇಲ್ಲ. ಇರಲಿ. ನಾನು ಕೇಳಿದ್ದು ಇದನ್ನೇ. ಡೈರಿ ಮುಚ್ಚಿ ಕೀ ತಿರುಗಿಸುತ್ತೇನೆ.