ಹಿಂದಿನ ಎಡಬಾಗಿಲ ಹಿಡಿ

ನನ್ನ ಮೊಂಡಿಗೆ,

ಈ ಹೊತ್ತಿಗೆ ನಾನು ನಿನ್ನ ಊರಿನ ದಾರಿಯಲ್ಲಿರಬೇಕಾಗಿತ್ತು. ಎಲ್ಲಾದರೂ ಕಾರು ನಿಲ್ಲಿಸಿ ಟೀ ಕುಡಿಯುತ್ತ, ನಿನ್ನಮ್ಮ ಕಟ್ಟಿಕೊಟ್ಟ ಡಬ್ಬಿಯನ್ನು ಈಗಲೇ ಬಿಚ್ಚಲೋ ನಿನ್ನ ಜೊತೆ ವಾಪಸು ಬರುವಾಗ ಬಿಚ್ಚಲೋ ಎಂದು ಯೋಚಿಸುತ್ತಿರಬೇಕಾಗಿತ್ತು. ಅದರ ಬದಲು ಮನೆ ಮುಂದೆ ನಿಂತ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ಫೋನು ಕೈಗೆ ಬಂದರೆ ನಾನು "ಊಟ ಆಯ್ತಾ? ತಗೋ, ಅಮ್ಮಂಗೆ ಕೊಡ್ತೀನಿ" ಎನ್ನುವ ಆಸಾಮಿ. ಅದು ನಿನಗೂ ಗೊತ್ತು.

ಬುಧವಾರ ನೀನು ಫೋನ್ ಮಾಡಿ, "ಅಪ್ಪಾ, ಭಾನುವಾರ ಬಂದು ನನ್ನ ಕರ್ಕೊಂಡು ಹೋಗ್ತೀಯಾ? ಒಬ್ಳೇ ಬಸ್ ಹತ್ತಕ್ಕೆ ಧೈರ್ಯ ಸಾಲ್ತಿಲ್ಲ" ಎಂದೆ. ಏನಾಯಿತು ಎಂದು ನಾನು ಕೇಳಲಿಲ್ಲ. ಏನಾಗಿದೆ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು. ನಿನ್ನ ಗಂಡ ಕೈ ಎತ್ತುವವನಲ್ಲ, ಕುಡಿಯುವವನಲ್ಲ, ಹೊರಗಿನವರ ಕಣ್ಣಿಗೆ ಅಪ್ಪಟ ಬಂಗಾರ. ಸಿಟ್ಟು ಬಂದರೆ ನಿನ್ನ ಹತ್ತಿರ ಮಾತು ಬಿಡುತ್ತಾನೆ, ಅಷ್ಟೇ. ಅಷ್ಟೇ ತಾನೇ ಎಂದು ನಾವೂ ಮೊದಮೊದಲು ಅಂದುಕೊಂಡೆವು. ಆ ಮೌನ ವಾರ ದಾಟಿತು, ತಿಂಗಳು ದಾಟಿತು. "ಮನೇಲಿ ನನ್ನ ದನಿ ಹೇಗಿರುತ್ತೆ ಅಂತ ನನಗೇ ಮರ್ತು ಹೋಗಿದೆ ಅಪ್ಪಾ" ಎಂದು ಒಮ್ಮೆ ನಗುತ್ತ ಹೇಳಿದೆ. ನಾನೂ ನಕ್ಕೆ. ಅಂಥ ಮಾತಿಗೆ ನಕ್ಕೆನಲ್ಲ, ನನ್ನ ನಗುವಿಗಿಷ್ಟು ಬೆಂಕಿ ಹಾಕ!

ಫೋನ್ ಇಡುವ ಮುಂಚೆ ಇನ್ನೊಂದು ಮಾತು ಸೇರಿಸಿದೆ: "ಕಾರು ಗೇಟಿನ ತನಕ ತರಬೇಡ, ತಿರುವಲ್ಲೇ ನಿಲ್ಸು. ಆ ಕಾರು ಇಲ್ಲಿ ಎಲ್ರಿಗೂ ಗುರುತು." ಅದು ನನಗೆ ನಾಟಿತು. ಗುರುತು ಸಿಗದೆ ಇನ್ನೇನು? ನಾಲ್ಕು ಬಾಗಿಲ ಹಿಡಿಗಳ ಮೇಲೂ ನಿನ್ನ ಮದುವೆಯ ಮಚ್ಚೆ ಹೊತ್ತುಕೊಂಡು ಮೂರು ವರ್ಷ ಓಡಾಡಿದ ಕಾರು ಅದು.

ನೆನಪಿದೆಯಾ? ಹೂವಿನ ಅಂಗಡಿಯವನು ರಿಬ್ಬನ್ನಿನಲ್ಲಿ ಕಟ್ಟುತ್ತೇನೆ ಎಂದು ಬಂದಾಗ ನಾನೇ ಬಿಡಲಿಲ್ಲ. ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲೇ ಕೂದಲು ಹಣ್ಣಾಗಿಸಿಕೊಂಡವನು ನಾನು. ಗಾಜಿನ ಸಾಮಾನು ಲಾರಿಯಲ್ಲಿ, ಹಡಗಿನಲ್ಲಿ ಕುಲುಕಾಡಿಕೊಂಡು ದೇಶ ದಾಟಿದರೂ ನನ್ನ ಪೆಟ್ಟಿಗೆ ಬಾಯಿ ಬಿಟ್ಟಿದ್ದಿಲ್ಲ. "ನಾನು ಅಂಟಿಸಿದ್ದು ಕಿತ್ತು ಬಂದಿದ್ದನ್ನ ಯಾರಾದ್ರೂ ನೋಡಿದ್ದೀರೇನ್ರೋ?" ಎಂದು ಎದೆಯುಬ್ಬಿಸಿ, ಎರಡು ಬದಿಗೂ ಅಂಟುವ ದಪ್ಪ ಸ್ಪಂಜಿನ ಟೇಪು ತಂದೆ. ಒಂದೊಂದು ಹಿಡಿಯ ಮೇಲೂ ಬಿಳಿ ಹೂವಿನ ಗೊಂಚಲನ್ನು ಹೆಬ್ಬೆರಳಲ್ಲಿ ಒತ್ತಿ ಕೂರಿಸಿದೆ. "ಅಪ್ಪಾ, ನೀನು ಮಾಡ್ತಿರೋದು ಮಗಳ ಮದುವೆ, ರಫ್ತಲ್ಲ" ಎಂದು ನೀನು ಕಿಟಕಿಯಿಂದ ಕೂಗಿದ್ದೆ. ಹೂ ಮಾರನೆಯ ದಿನವೇ ಬಾಡಿ ಉದುರಿತು. ಟೇಪು ಮಾತ್ರ ಬಿಸಿಲಿಗೆ ಕಪ್ಪಾಗಿ, ಧೂಳು ಹಿಡಿದು ಹಾಗೇ ಕೂತಿತು. ನಿನ್ನಮ್ಮ ಅದನ್ನು ತೆಗೆಯಿರಿ ಎಂದಾಗಲೆಲ್ಲ "ಇರ್ಲಿ ಬಿಡೇ, ಮಗಳ ಮದುವೆ ಗುರುತು" ಎನ್ನುತ್ತಿದ್ದೆ.

ಆ ಗುರುತನ್ನು ಕೂರಿಸಿಕೊಂಡು ನಿನ್ನನ್ನು ಕರೆಯಲು ಬರುವುದು ಹೇಗೆ? ನಿನಗಾಗಿ ನಾನು ಬೇರೇನನ್ನೂ ಮಾಡಲಾರೆ. ನಿನ್ನ ಗಂಡನ ಬಾಯಿ ತೆರೆಸಲಾರೆ, ಕಳೆದ ಮೂರು ವರ್ಷವನ್ನು ವಾಪಸು ತರಲಾರೆ. ಇದೊಂದಾದರೂ ನನ್ನ ಕೈಯಲ್ಲಾಗುವ ಕೆಲಸ ಎಂದು ಗುರುವಾರ ಬೆಳಗ್ಗೆಯೇ ಪಂಚೆ ಮೇಲೆ ಕಟ್ಟಿ ನಿಂತೆ.

ನೀನು ಬಿಟ್ಟುಹೋದ ಹೇರ್ ಡ್ರೈಯರ್ ಹಿಡಿದು ಕಾಯಿಸಿದೆ. ಸ್ಪಂಜು ಚೂರುಚೂರಾಗಿ ಬಂತು, ಅಂಟು ಅಲ್ಲೇ ಉಳಿಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ. ಅಡುಗೆ ಎಣ್ಣೆ ಹಚ್ಚಿ ನೆನೆಸಿದೆ, ಸೋಪಿನ ನೀರಿನಲ್ಲಿ ಉಜ್ಜಿದೆ, ಹಳೆಯ ಬ್ಯಾಂಕ್ ಕಾರ್ಡಿನಿಂದ ಕೆರೆದೆ. ಜಪ್ಪಯ್ಯ ಅಂದರೂ ಬಿಡಲಿಲ್ಲ. ನಿನ್ನಮ್ಮ ಬಾಗಿಲಲ್ಲಿ ನಿಂತು, "ನಿಮ್ಮದೇ ಅಂಟು ತಾನೇ, ಒಂಚೂರು ಬೈದು ನೋಡಿ, ಹೆದರ್ಕೊಂಡು ಬಿಟ್ರೂ ಬಿಡ್ಬಹುದು" ಎಂದಳು. ನನಗೆ ಪಿತ್ತ ನೆತ್ತಿಗೇರಿತು. ನಿನ್ನ ಡ್ರಾಯರಿನಲ್ಲಿ ಉಗುರುಬಣ್ಣ ತೆಗೆಯುವ ದ್ರಾವಣದ ಬಾಟಲಿ ಇತ್ತು. ಒಂದು ಹಿಡಿಗೆ ಹಚ್ಚಿ ನೋಡೋಣ ಎಂಬ ತಾಳ್ಮೆ ಬೇಡವೇ? ಹತ್ತಿಯನ್ನು ಅದರಲ್ಲಿ ಅದ್ದಿ ನಾಲ್ಕಕ್ಕೂ ಒಟ್ಟಿಗೇ ಅಂಟಿಸಿ, ಒಳಗೆ ಹೋಗಿ ಕಾಫಿ ಕುಡಿದು ಬಂದೆ. ಅಂಟು ಹೋಗಿತ್ತು, ಸುಳ್ಳು ಹೇಳಬಾರದು. ಜೊತೆಗೆ ಬಣ್ಣವೂ ಹೋಗಿತ್ತು. ಒಳಗಿನ ಪ್ಲಾಸ್ಟಿಕ್ಕು ಮೆತ್ತಗಾಗಿ ಹತ್ತಿಯ ಎಳೆಗಳನ್ನು ಹಿಡಿದುಕೊಂಡಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಶುಕ್ರವಾರ ಬಣ್ಣದ ಅಂಗಡಿಗೆ ಹೋದೆ. ಉಪ್ಪುಕಾಗದ, ಪ್ಲಾಸ್ಟಿಕ್ಕಿಗೆ ಮೊದಲು ಹೊಡೆಯುವ ಪ್ರೈಮರ್, ಬಣ್ಣದ ಸ್ಪ್ರೇ ಡಬ್ಬ, ಸುತ್ತಮುತ್ತ ಬಣ್ಣ ತಾಗದಂತೆ ಅಂಟಿಸಲು ಕಾಗದದ ಟೇಪು, ಎಲ್ಲ ಕೊಟ್ಟರು. ಆ ಟೇಪನ್ನು ಬೆರಳಿಗೆ ಅಂಟಿಸಿ ನೋಡಿ, "ಇದೇನ್ರೀ, ಹಿಡ್ಕೊಳ್ಳೋದೇ ಇಲ್ಲ" ಎಂದೆ. ಅಂಗಡಿಯಾತ ನಕ್ಕು, "ಹಿಡ್ಕೊಳ್ಳೋಕಲ್ಲ ಸಾರ್ ಇದು, ಆಮೇಲೆ ಬಿಡಬೇಕಲ್ಲ" ಎಂದ. ಬಿಡಲೆಂದೇ ಮಾಡಿದ ಟೇಪನ್ನು ಈ ವಯಸ್ಸಿನಲ್ಲಿ ಮೊದಲ ಸಲ ಕೈಯಲ್ಲಿ ಹಿಡಿದೆ ನೋಡು.

ಮನೆಗೆ ಬಂದು ಉಜ್ಜಿ, ಒರೆಸಿ, ಪ್ರೈಮರ್ ಹಾಕಿ, ಬಣ್ಣ ಹೊಡೆದೆ. ಗಿಡಕ್ಕೆ ನೀರು ಹಾಕುವವನ ಹಾಗೆ ಹತ್ತಿರದಿಂದ ಸುರಿದಿದ್ದಕ್ಕೆ ಬಣ್ಣ ಸೋರಿ ಬಾಗಿಲ ಮೇಲೆಲ್ಲ ಇಳಿಯಿತು. ನಿನ್ನಮ್ಮ ಕನ್ನಡಕ ಏರಿಸಿ ಡಬ್ಬದ ಮೇಲಿನ ಅಕ್ಷರ ಓದಿ, "ಒಂದು ಗೇಣಿಗಿಂತ ದೂರ ಹಿಡೀಬೇಕಂತೆ, ತೆಳ್ಳಗೆ ಹಾಕ್ಬೇಕಂತೆ. ನೀವು ಅದರ ಮೂತಿಗೇ ಹಿಡಿದಿದ್ದೀರಲ್ಲ" ಎಂದಳು. ಇನ್ನು ಹಿಡಿಗಳನ್ನು ಬಿಚ್ಚಿಕೊಂಡೇ ಮಾಡಬೇಕು ಎಂದು ತೀರ್ಮಾನಿಸಿ, ಸ್ಕ್ರೂ ಹುಡುಕಲು ಹಿಂದಿನ ಎಡಬಾಗಿಲು ತೆಗೆದು ನೆಲದ ಮೇಲೆ ಕೂತೆ. ಬಾಗಿಲ ಅಂಚಿನಲ್ಲಿ, ಬೀಗದ ಕೆಳಗೆ, ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟುದ್ದದ ಒಂದು ಚಿಕ್ಕ ಸನ್ನೆ, ಮೇಲೆ ಕೆಳಗೆ ಸರಿಸುವ ಗುಂಡಿಯಂಥದ್ದು. ಪಕ್ಕದಲ್ಲಿ ಮಗುವಿನ ಚಿತ್ರ. ಮಕ್ಕಳು ಒಳಗಿನಿಂದ ಬಾಗಿಲು ತೆಗೆಯದಿರಲಿ ಎಂದು ಹಾಕುವ ಬೀಗ. ಅದು ಕೆಳಗೆ ಇಳಿದೇ ಇತ್ತು.

ಅಯ್ಯೋ ಮಗಳೇ, ಅದನ್ನು ಇಳಿಸಿದವನು ನಾನೇ. ಕಾರು ಹೊಸದು, ನೀನು ಆಗಷ್ಟೇ ಶಾಲೆಗೆ ಸೇರಿದ್ದೆ. ಓಡುತ್ತಿದ್ದ ಕಾರಿನ ಬಾಗಿಲು ತೆಗೆದು "ಅಪ್ಪಾ, ಗಾಳಿ!" ಎಂದಿದ್ದೆ. ನನ್ನ ಜೀವ ಬಾಯಿಗೆ ಬಂದಿತ್ತು. ಅವತ್ತೇ ಆ ಸನ್ನೆ ಇಳಿಸಿದೆ, ಆಮೇಲೆ ಮರೆತೇಬಿಟ್ಟೆ. ವರ್ಷಗಳು ಕಳೆದ ಮೇಲೆ ಆ ಬಾಗಿಲು ಒಳಗಿನಿಂದ ತೆಗೆಯುವುದಿಲ್ಲ ಎಂದು ನೀವಿಬ್ಬರೂ ಹೇಳಿದಾಗ "ಹಿಡಿ ಕೆಟ್ಟಿದೆ" ಎಂದು ತೀರ್ಪು ಕೊಟ್ಟೆ. ನನಗೆ ಗೊತ್ತಿಲ್ಲದ್ದು ಗ್ಯಾರೇಜಿನವನಿಗೆ ಗೊತ್ತಿರುತ್ತದೆಯೇ ಎಂಬ ಜಂಬ ಬೇರೆ. ಹಾಗಾಗಿ ಎಲ್ಲಿ ಹೋದರೂ ನಾನೇ ಇಳಿದು, ಸುತ್ತಿ ಬಂದು, ಹೊರಗಿನಿಂದ ನಿನಗೆ ಬಾಗಿಲು ತೆಗೆಯುವುದು ಅಭ್ಯಾಸವಾಯಿತು. ನೀನು ಗಾಜಿನ ಆಚೆ ಕೂತು ಹುಬ್ಬು ಏರಿಸಿ ನನ್ನನ್ನೇ ನೋಡುತ್ತಿದ್ದೆ. ಆ ನೋಟಕ್ಕೆ ಒಂದೇ ಅರ್ಥ: ತೆಗಿ. ಕಾಲೇಜಿಗೆ ಬಂದ ಮೇಲೆ "ಏನ್ ಡ್ರೈವರ್, ಬಾಗಿಲು ತೆಗೆಯಲ್ವಾ?" ಎಂದು ಕಿಚಾಯಿಸುತ್ತಿದ್ದೆ.

ಮದುವೆಯ ದಿನ ಕಾರು ಓಡಿಸಿದ್ದು ನಿನ್ನ ಸೋದರಮಾವ. ನೀನು ನಿನ್ನ ಜಾಗದಲ್ಲೇ, ಹಿಂದೆ ಎಡಕ್ಕೆ ಕೂತಿದ್ದೆ. ಗಾಡಿ ಸ್ಟಾರ್ಟ್ ಆಯಿತು. ಆಗ ನಿನ್ನ ಕೈ ಒಳಗಿನ ಹಿಡಿಗೆ ಹೋಯಿತು. ಒಂದು ಸಲ ಎಳೆದೆ, ಇನ್ನೊಂದು ಸಲ ಎಳೆದೆ. ಆಮೇಲೆ ಗಾಜಿನ ಆಚೆಯಿಂದ ಹುಬ್ಬು ಏರಿಸಿ ನನ್ನನ್ನು ನೋಡಿದೆ. ಯಾರೋ "ನೋಡ್ರೋ, ಹುಡುಗೀಗೆ ಹೋಗಕ್ಕೇ ಮನಸ್ಸಿಲ್ಲ" ಎಂದರು, ಎಲ್ಲರೂ ನಕ್ಕರು. ನಾನು ಏನು ಮಾಡಿದೆ ಗೊತ್ತಲ್ಲ? ಕೈ ಬೀಸಿದೆ. ಕಾರು ಹೊರಟುಹೋಯಿತು.

ಈ ಮೂರು ವರ್ಷದಲ್ಲಿ ಅದು ಒಂದು ದಿನವೂ ನೆನಪಾಗಿರಲಿಲ್ಲ. ಶುಕ್ರವಾರ ಸಂಜೆ ಸ್ಕ್ರೂಡ್ರೈವರ್ ಹಿಡಿದುಕೊಂಡು ನೆಲದ ಮೇಲೆ ಕೂತವನಿಗೆ ಏಳಲಾಗಲಿಲ್ಲ. ನಿನ್ನಮ್ಮ ಓಡಿ ಬಂದು "ಏನ್ರೀ, ತಲೆ ಸುತ್ತಿತಾ?" ಎಂದಳು. ಬಣ್ಣದ ವಾಸನೆ ಎಂದೆ.

ನಿನ್ನೆ ಮತ್ತೆ ನಿನ್ನ ಫೋನು. "ಅಪ್ಪಾ, ನಾಳೆ ಬರಬೇಡ. ಅವರು ನನ್ನ ಹತ್ರ ಮಾತಾಡಿದ್ರು" ಎಂದೆ. ಏನಂದರು ಎಂದು ಕೇಳಿದೆ. "ಫ್ಯಾನ್ ಆಫ್ ಮಾಡು ಅಂದ್ರು" ಎಂದೆ. ನಿನ್ನ ದನಿಯಲ್ಲಿ ಸಂತೋಷ ಇತ್ತು. ಮೊಂಡಿ, ನನ್ನ ಕರುಳು ಕಿತ್ತು ಬಂದಿದ್ದು ಆ ಸಂತೋಷಕ್ಕೆ. ಊಟಕ್ಕೆ ಇಷ್ಟವಿಲ್ಲದ್ದು ಬಡಿಸಿದರೆ ತಟ್ಟೆ ತಳ್ಳಿ ರಂಪ ಮಾಡುತ್ತಿದ್ದ ಹುಡುಗಿ, ಫ್ಯಾನ್ ಆಫ್ ಮಾಡು ಎಂಬ ಒಂದು ಮಾತಿಗೆ ಇಷ್ಟು ಹಿಗ್ಗುವಂತಾದಳಲ್ಲ. ಆದರೆ ನಾನು ಹೇಳಿದ್ದು, "ಸರಿ ಬಿಡು, ಹೇಗೂ ಬಣ್ಣ ಇನ್ನೂ ಒಣಗಿಲ್ಲ." ಯಾವ ಬಣ್ಣ ಎಂದು ನೀನು ಕೇಳುವಷ್ಟರಲ್ಲಿ ಫೋನು ಅಮ್ಮನ ಕೈಯಲ್ಲಿತ್ತು.

ಬಿಸಿತುಪ್ಪ ಬಾಯಲ್ಲಿ ಇಟ್ಟುಕೊಂಡ ಹಾಗಾಗಿದೆ ನನಗೆ. ಬಾ ಎಂದರೆ, ಸರಿಹೋಗಬಹುದಾಗಿದ್ದನ್ನು ಅಪ್ಪನೇ ಮುರಿದ ಎಂದಾಗುತ್ತದೆ. ಅಲ್ಲೇ ಇರು ಎನ್ನಲು ನಾಲಿಗೆ ಹೊರಳುವುದಿಲ್ಲ. ಯಾವುದು ಸರಿ ಎಂದು ನನಗೆ ನಿಜವಾಗಿಯೂ ಗೊತ್ತಿಲ್ಲ. ನಿನ್ನಮ್ಮ ಡಬ್ಬಿಗೆಂದು ತೊಳೆದಿಟ್ಟ ತರಕಾರಿ ಹಾಗೇ ಇದೆ.

ಬಿಚ್ಚಿ ಮತ್ತೆ ಬಣ್ಣ ಹೊಡೆದಿಟ್ಟಿದ್ದ ಹಿಡಿಗಳನ್ನು ಇವತ್ತು ಬೆಳಗ್ಗೆ ಎದ್ದು ಕೂರಿಸಿದೆ. ಬಣ್ಣ ಕಾರಿನದಕ್ಕಿಂತ ಒಂದು ಕೈ ಗಾಢವಾಗಿದೆ, ಹಿಂದಿನ ಎಡಬಾಗಿಲ ಹಿಡಿಯ ಕೆಳಗೆ ಒಂದು ಹನಿ ಇಳಿದು ಗಟ್ಟಿಯಾಗಿದೆ. ಗುರುತು ಅಳಿಸಲು ಹೊರಟವನು ಕಾರನ್ನು ಬೀದಿಯ ಆ ತುದಿಯಿಂದಲೇ ಗುರುತು ಸಿಗುವ ಹಾಗೆ ಮಾಡಿದ್ದೇನೆ. ಆ ಸನ್ನೆಯನ್ನು ಮೇಲೆತ್ತಿ, ನಿನ್ನ ಜಾಗದಲ್ಲಿ ಕೂತು, ಬಾಗಿಲು ಹಾಕಿಕೊಂಡು ಒಳಗಿನ ಹಿಡಿ ಎಳೆದೆ. ತೆಗೆಯಿತು. ನಂಬಿಕೆ ಬರದೆ ಮತ್ತೆ ಹಾಕಿ ಎಳೆದೆ. ಆಗಲೂ ತೆಗೆಯಿತು. "ಏನ್ರೀ ಇದು ಮಕ್ಕಳಾಟ, ಅಕ್ಕಪಕ್ಕದೋರು ನೋಡ್ತಿದ್ದಾರೆ" ಎಂದು ಹೊರಗೆ ಬಂದ ನಿನ್ನಮ್ಮನಿಗೆ ಎಲ್ಲ ಹೇಳಿದೆ. ಅವಳು ನನ್ನನ್ನು ಆಚೆ ಸರಿಸಿ, ತಾನೂ ಕೂತು, ಬಾಗಿಲು ಹಾಕಿ, ತೆಗೆದಳು. ಒಂದು ಕಾಲು ನೆಲಕ್ಕಿಟ್ಟಳು.

"ಅವತ್ತು ಅವಳು ಎಲ್ರಿಗೂ ಹೋಗಿ ಬರ್ತೀನಿ ಅಂದ್ಲು," ಎಂದಳು. "ನಿಮಗೊಬ್ರಿಗೇ ಹೇಳಿರಲಿಲ್ಲ. ನೀವು ಆ ಕಡೆ ನಿಂತು ಟೇಪು ಒತ್ತುತಾ ಇದ್ರಿ."

ಅದಕ್ಕೇನಾ ಮಗಳೇ ನೀನು ಬಾಗಿಲು ಎಳೆದಿದ್ದು? ಇರಬಹುದು, ಇಲ್ಲದಿರಬಹುದು. ಕರವಸ್ತ್ರ ಮರೆತಿದ್ದೆಯೋ ಏನೋ. ಕೇಳಿದರೂ ನೀನು "ಅಯ್ಯೋ ಅಪ್ಪಾ, ಯಾವ ಕಾಲದ್ದು" ಎಂದು ಹಾರಿಸಿಬಿಡುತ್ತೀಯ. ಅದಕ್ಕೇ ಕೇಳುತ್ತಿಲ್ಲ, ಬರೆಯುತ್ತಿದ್ದೇನೆ. ಮನೆಗೆ ಬೇಡ ಎಂದು ನೀನು ಕೆಲಸ ಮಾಡುವ ಕಡೆಯ ವಿಳಾಸಕ್ಕೆ ಹಾಕುತ್ತೇನೆ.

ಬಾ ಎಂದು ಕರೆಯುತ್ತಿಲ್ಲ, ಇರು ಎಂದೂ ಹೇಳುತ್ತಿಲ್ಲ. ಅಷ್ಟು ತಿಳಿವಳಿಕೆ ನನಗಿಲ್ಲ. ಪೆಟ್ರೋಲ್ ತುಂಬಿಸಿಟ್ಟಿದ್ದೇನೆ. ಬಾ ಅಪ್ಪಾ ಎಂದ ದಿನ ಹೊರಡುತ್ತೇನೆ, ತಿರುವು ಎಂದರೆ ತಿರುವಿನಲ್ಲಿ, ಗೇಟು ಎಂದರೆ ಗೇಟಿನಲ್ಲಿ ನಿಲ್ಲಿಸುತ್ತೇನೆ. ನೀನು ನನ್ನನ್ನು ವಾಪಸು ಕಳಿಸಿದರೆ ಖಾಲಿ ಕಾರು ತೆಗೆದುಕೊಂಡು ಬೇಜಾರಿಲ್ಲದೆ ಬರುತ್ತೇನೆ. ಬೇಜಾರಿಲ್ಲದೆ ಎಂಬುದು ಸುಳ್ಳು, ಆದರೂ ಬರುತ್ತೇನೆ. ಆ ಬಾಗಿಲು ಈಗ ಒಳಗಿನಿಂದ ತೆಗೆಯುತ್ತದೆ, ಯಾರ ಮುಖವನ್ನೂ ನೋಡುತ್ತ ಕೂರಬೇಕಾಗಿಲ್ಲ. ಆದರೂ ಅಭ್ಯಾಸಬಲದಿಂದ ನೀನು ಗಾಜಿನಾಚೆಯಿಂದ ಹುಬ್ಬು ಏರಿಸಿದರೆ, ಈ ಸಲ ಕೈ ಬೀಸುವುದಿಲ್ಲ ಮಗಳೇ.

ಹೊತ್ತಿಗೆ ಸರಿಯಾಗಿ ಉಣ್ಣು. ಮಾತಾಡಲು ಯಾರೂ ಇಲ್ಲದಾಗ ಜೋರಾಗಿ ಏನನ್ನಾದರೂ ಓದಿಕೊ, ದನಿ ಮರೆಯಬೇಡ. ನೀನು ಎಲ್ಲಿದ್ದರೂ ನಿನ್ನ ಮಾತಿಗೆ ಓಗೊಡುವವರು ಇರಲಿ.

ಇಂತಿ,
ಅಂಟಿಸುವುದಷ್ಟನ್ನೇ ಕಲಿತಿದ್ದ
ನಿನ್ನ ಡ್ರೈವರ್, ಅಪ್ಪ