ಟಕ್ ಎಂದರೆ ಬರುವ ಜಿಂಕೆ

ಮನೆಯಿಂದ,
ನವೆಂಬರ್ ೧೦, ಸೋಮವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಫೋನಿನಲ್ಲಿ ನಿನ್ನ ದನಿ ಒಡೆದ ಹಾಗಿತ್ತೆಂದು ನಿಮ್ಮಮ್ಮ ನನ್ನ ತಲೆ ತಿನ್ನುತ್ತಿದ್ದಾಳೆ. ನನ್ನ ಮಂಡಿ ಎಂದಿನಂತೆಯೇ ಇದೆ, ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಪ್ರದರ್ಶನದಲ್ಲಿ ನೀನು ತೆಗೆದ ಜಿಂಕೆಯ ಚಿತ್ರವನ್ನು ಬಾಗಿಲ ಎದುರಿಗೇ ತೂಗುಹಾಕಿದ್ದಾರೆಂದು ಅಮ್ಮ ಬೀದಿಗೆಲ್ಲ ಸಾರಿ ಬಂದಳು. ನಾನು ಅವಳ ಜೊತೆ ಹೋಗಲಿಲ್ಲ. ಯಾಕೆಂದು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ಆ ಜಿಂಕೆ, ನಮ್ಮ ಹರಕಿವಿ, ಸತ್ತುಹೋಯಿತು.

ನೀನು ಕೆಲಸಕ್ಕೆಂದು ಊರು ಬಿಟ್ಟು ಹೊರಡುವಾಗ ಹಳೆಯ ಕ್ಯಾಮೆರಾ ನನ್ನ ಕೈಗಿಟ್ಟು ಹೇಳಿದ್ದೆಯಲ್ಲ, "ಅಪ್ಪಾ, ದಿನಾ ಬೆಳಿಗ್ಗೆ ಟಕ್ ಅನ್ಸು, ಆಮೇಲೆ ಒಂದು ಸೇಬಿನ ಹೋಳು ಎಸಿ. ಸದ್ದಿಗೆ ಹೆದರೋದು ಬಿಟ್ರೆ ಜಿಂಕೆ ಎಷ್ಟು ಹತ್ರ ಬೇಕಾದ್ರೂ ಬರುತ್ತೆ" ಎಂದು. ಬಡಗಿ ಕೆಲಸ ಬಿಟ್ಟ ಮೇಲೆ ನನಗೂ ಏನಾದರೊಂದು ಬೇಕಿತ್ತು. ಕಾಡಂಚಿನಲ್ಲಿ ಅಡಗಿ ಕೂತು ಚಿತ್ರ ತೆಗೆಯಲೆಂದು ನಿನಗೆ ನಾನೇ ಹೊಡೆದುಕೊಟ್ಟ ಹಲಗೆಗೂಡಿನೊಳಗೆ, ಮಂಡಿಗೆ ಬೈದುಕೊಳ್ಳುತ್ತಲೇ, ತಪ್ಪದೆ ಕೂತೆ. ಮೊದಮೊದಲು ಸದ್ದು ಕೇಳಿದರೆ ಹರಕಿವಿ ಓಟ ಕೀಳುತ್ತಿತ್ತು. ಆಮೇಲೆ ನಿಂತು ನೋಡಿತು. ಕೊನೆಕೊನೆಗೆ ಟಕ್ ಎಂದೊಡನೆ ಪೊದೆಯಿಂದ ಹೊರಬಂದು ಕಿಂಡಿಗೇ ಮೂತಿ ತೂರಿಸುವಷ್ಟಾಯಿತು, ಹಿಂದೆಯೇ ಅದರ ಮರಿ. ನೀನು ರಜೆಗೆ ಬಂದು ತೆಗೆದ ಚಿತ್ರದಲ್ಲಿ ಅದರ ರೆಪ್ಪೆಕೂದಲು ಎಣಿಸಬಹುದಲ್ಲ, ಅದೆಲ್ಲ ನನ್ನ ಸೇಬಿನ ಪ್ರತಾಪ ಎಂದು ಎಷ್ಟು ಜಂಬ ಕೊಚ್ಚಿಕೊಂಡಿದ್ದೆ!

ಈ ದೇಶದಲ್ಲಿ ವರ್ಷಕ್ಕೊಮ್ಮೆ ಸರ್ಕಾರವೇ ಬಿಡುವ ಜಿಂಕೆ ಬೇಟೆಯ ಹಂಗಾಮು ಹೋದ ವಾರ ಶುರುವಾಯಿತು. ನಮ್ಮ ಬೀದಿಯ ಬೇಕರಿಯವನೂ ಪರವಾನಗಿ ತೆಗೆದುಕೊಂಡು ಕಾಡಿಗೆ ಹೋಗಿದ್ದನಂತೆ. ಮರುದಿನ ಬ್ರೆಡ್ ಕಟ್ಟಿಕೊಡುತ್ತ ನಗುನಗುತ್ತಲೇ ಹೇಳಿದ: "ಇಂಥಾ ಪೆದ್ದು ಜಿಂಕೆ ನಾನು ನೋಡೇ ಇಲ್ಲ ಯಜಮಾನ್ರೇ. ಬಂದೂಕಿನ ಲಾಕ್ ತೆಗೆದೆ, ಟಕ್ ಅಂತು. ಓಡಿಹೋಗುತ್ತೆ ಅಂದ್ಕೊಂಡ್ರೆ ಸೀದಾ ನನ್ನ ಹತ್ರಾನೇ ನಡ್ಕೊಂಡು ಬಂತು. ಎಡಗಿವಿ ಹರಿದಿತ್ತು, ಪಾಪ." ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅವನು ಕಾನೂನು ಮೀರಿಲ್ಲ. ಹರಕಿವಿಯನ್ನು ಅವನ ಮುಂದೆ ತಂದು ನಿಲ್ಲಿಸಿದವರು ನಾವಿಬ್ಬರು, ಮಗಳೇ. ಬ್ರೆಡ್ಡನ್ನು ಅಲ್ಲೇ ಬಿಟ್ಟು ಬಂದೆ. ನನಗೆ ಅರಳುಮರಳು ಎಂದು ಅಮ್ಮ ಬೈದಳು. ಅವಳಿಗೆ ಇನ್ನೂ ಏನೂ ಹೇಳಿಲ್ಲ.

ಹೊತ್ತುಹೊತ್ತಿಗೆ ಊಟ ಮಾಡು. ಕತ್ತಿಗೆ ಬೆಚ್ಚಗೆ ಏನಾದರೂ ಸುತ್ತಿಕೋ, ಅಮ್ಮನ ಅಪ್ಪಣೆ. ಎಲ್ಲಿದ್ದರೂ ಚೆನ್ನಾಗಿರು.

ನಿನ್ನ ಅಪ್ಪ

ತಾ.ಕ.: ಅಂಚೆಯವನು ಗೇಟಿನಲ್ಲಿ ನಿಂತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮುಂದಿನ ಸಲ ಬರುವಾಗ ಕ್ಯಾಮೆರಾ ತರಬೇಡ. ಮರಿ ಬದುಕಿದೆ, ಹಂಗಾಮು ಇನ್ನೂ ಮುಗಿದಿಲ್ಲ. ನಿನ್ನೆ ಗೂಡಿನಲ್ಲಿ ಕೂತು ಟಕ್ ಅನ್ನಿಸಿದೆ, ಓಡೋಡಿ ಬಂತು. ಆ ಸದ್ದಿಗೆ ಮತ್ತೆ ಹೆದರಿ ಓಡುವಂತಾಗಲಿ ಎಂದು ಸೇಬಿನ ಬದಲು ಕಲ್ಲು ಎಸೆದೆ. ಕಾಲಿಗೆ ತಗುಲಿ ಕಿರುಚಿತು. ಆದರೂ ಹೋಗಲಿಲ್ಲ, ಕಲ್ಲನ್ನು ಮೂಸಿ ನೋಡಿ ನನ್ನ ಕೈಯನ್ನೇ ನೋಡುತ್ತ ನಿಂತಿತು. ಇವತ್ತೂ ಹೋಗಿದ್ದೆ, ಕುಂಟುತ್ತ ಇವತ್ತೂ ಬಂತು. ನಾಳೆ ಇನ್ನೂ ದೊಡ್ಡ ಕಲ್ಲು ತೆಗೆದುಕೊಂಡು ಹೋಗುತ್ತೇನೆ.