ಹೊತ್ತು ಮುಳುಗದ ಕಡೆಯ ರೋಜಾ

ಅಮೀನುದ್ದೀನ ಸಾಹೇಬರೇ,

ಕಳೆದ ಮೊಹರಮ್ಮಿನ ಹತ್ತನೆಯ ದಿನ, ನಾರ್ವೆಯ ಹಡಗಿನಲ್ಲಿ ನೀವು ನನ್ನ ಅಮ್ಮಿಯನ್ನು ಎಲ್ಲರೆದುರು ನಗೆಪಾಟಲು ಮಾಡಿದಿರಿ.

ಮನೆಮಂದಿಯೆಲ್ಲ ಹೊರಡುವ ಮೊದಲೇ ಇಂಡಿ ಪಟ್ಟಣದ ನಿಮ್ಮ ಪ್ರವಾಸ ಕಚೇರಿಗೆ ಬಂದು ಕೇಳಿದ್ದೆ: ಬೇಸಿಗೆಯಲ್ಲಿ ಅಲ್ಲಿ ಸೂರ್ಯನೇ ಮುಳುಗುವುದಿಲ್ಲ, ಅಮ್ಮಿ ಮೊಹರಮ್ಮಿನ ಹತ್ತನೆಯ ದಿನ ಹಿಡಿಯುವ ರೋಜಾ, ಆ ಉಪವಾಸ, ಬಿಡುವುದು ಯಾವಾಗ? "ಮೌಲಾನಾರನ್ನ ಕೇಳಿ ಹೇಳ್ತೇನ್ರಿ, ಚಿಂತಿ ಬಿಡ್ರಿ" ಎಂದಿರಿ.

ಅಂದು ಅಮ್ಮಿ ಖರ್ಜೂರ ಹಿಡಿದು ಕಿಟಕಿಯ ಬಳಿ ಕಾಯುತ್ತಲೇ ಇದ್ದರು. ನಾನು ವೇಳೆ ಕೇಳಿದರೆ ನೀವು ಮೈಕು ಹಿಡಿದು, "ಹೊತ್ತು ಮುಳುಗೂದಿಲ್ಲ, ಅಮ್ಮಾ ಉಣ್ಣೂದಿಲ್ಲ!" ಎಂದು ಚಪ್ಪಾಳೆ ಗಿಟ್ಟಿಸಿದಿರಿ. ಅವರು ಖರ್ಜೂರವನ್ನು ಸೆರಗಿಗೆ ಕಟ್ಟಿಕೊಂಡು ಎದ್ದುಹೋದರು. ಆಮೇಲೆ ಹಿಮದ ಬೆಟ್ಟ ನೋಡಲೂ ಹೊರಬರಲಿಲ್ಲ.

ಭಾನುವಾರ ಸಿಂದಗಿಯಲ್ಲಿ ಹೊಸ ಯಾತ್ರೆಯ ಸಭೆ ಕರೆದಿದ್ದೀರಿ. ಅಮ್ಮಿಯನ್ನು ಕರೆತರುತ್ತೇನೆ. ಎಲ್ಲರೆದುರು ಮೈಕಿನಲ್ಲೇ ಉತ್ತರ ಕೊಡಿ: ಅಂದು ಅವರು ಎಷ್ಟೊತ್ತಿಗೆ ರೋಜಾ ಬಿಡಬೇಕಿತ್ತು?

ಜುಲ್ಫಿಕರ, ಸಗೀರಾ ಅವರ ಮಗ
ಆಲಮೇಲ